ಮೂರನೇ ತಿಂಗಳು: ಗೋಧಿ ಬ್ರೆಡ್ ಕೊನೆಗೂ ಮೆತ್ತಗಾಯಿತು

ನಮ್ಮನೆಯಲ್ಲಿ ನಾಲ್ಕು ಜನ. ಅತ್ತೆಯವರು ಹಲ್ಲುಸೆಟ್ಟು ಹಾಕಿಕೊಳ್ಳುತ್ತಾರೆ, ಗಟ್ಟಿ ಅಂಚು ಕಚ್ಚಲು ಆಗುವುದಿಲ್ಲ. ಮಗಳಿಗೆ ಮೊಟ್ಟೆ ಅಲರ್ಜಿ. ಮೈದಾ ಕಡಿಮೆ ಮಾಡಿ ಎಂದು ಯಜಮಾನರಿಗೆ ಡಾಕ್ಟರು ಹೇಳಿದ್ದಾರೆ. ಈ ಮೂವರೂ ಒಂದೇ ಟೇಬಲ್ಲಿನಲ್ಲಿ ಕೂತು ತಿನ್ನುವಂಥ ಒಂದು ಬ್ರೆಡ್, ಒಂದು ಕೇಕ್ ಮಾಡಬೇಕು. ಇಷ್ಟೇ ನನ್ನ ಗುರಿ. ಪ್ರತಿ ಸಲ ಏನು ಬದಲಿಸಿದೆ ಎಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಮೊದಲ ಬ್ರೆಡ್ಡಿಗೆ 400 ಗ್ರಾಂ ಗೋಧಿ ಹಿಟ್ಟು, 260 ಗ್ರಾಂ ನೀರು, 8 ಗ್ರಾಂ ಉಪ್ಪು, 4 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಹಾಕಿದ್ದೆ. ಮೈದಾಗೆ ಹೇಳಿದ ಅಳತೆಯನ್ನೇ ಗೋಧಿಗೂ ಹಾಕಿದ್ದು ತಪ್ಪಾಯಿತು. ಹಿಟ್ಟು ನಾದುವಾಗಲೇ ಬಿಗಿಯಾಗಿತ್ತು. ಬೆಂದ ಮೇಲೆ ಟಿನ್ನಿನ ಅರ್ಧಕ್ಕಷ್ಟೇ ಎದ್ದು ನಿಂತಿತು, ಚಾಕು ಇಟ್ಟರೆ ಪುಡಿಪುಡಿ. ಗೋಧಿಯ ತೌಡು ನೀರನ್ನು ನಿಧಾನವಾಗಿ, ಆದರೆ ತುಂಬಾ ಹೀರುತ್ತದೆ. ಒಣಗಿದ್ದಾಗ ಅದರ ಅಂಚು ಹರಿತ, ನಾದುವಾಗ ಹಿಟ್ಟಿನ ಜಿಗುಟಿನ ಎಳೆಗಳನ್ನು ಕತ್ತರಿಸುತ್ತದೆ. ಎಳೆ ಕಡಿದರೆ ಗಾಳಿ ನಿಲ್ಲುವುದಿಲ್ಲ.

ಎರಡನೇ ಸಲ ನೀರನ್ನು 300 ಗ್ರಾಂಗೆ ಏರಿಸಿದೆ, ಹಿಟ್ಟಿನ ನೂರಕ್ಕೆ 75 ಪಾಲು. ಮೂರನೇ ಸಲ ನೀರು ಅಷ್ಟೇ, ಆದರೆ ಹಿಟ್ಟು ನೀರು ಮಾತ್ರ ಕಲಸಿ 40 ನಿಮಿಷ ಮುಚ್ಚಿಟ್ಟು, ಆಮೇಲೆ ಉಪ್ಪು, ಯೀಸ್ಟ್ ಸೇರಿಸಿ ನಾದಿದೆ. ಈ ಕಾಯುವಿಕೆಯ ಫಲ ಕೈಗೇ ಗೊತ್ತಾಯಿತು. ಕಲಸಿದಾಗ ಬೆರಳಿಗೆಲ್ಲ ಅಂಟುತ್ತಿದ್ದ ಮುದ್ದೆ 40 ನಿಮಿಷಕ್ಕೆ ನಯವಾಗಿ, ಎಳೆದರೆ ಹರಿಯದೆ ಬಾಗುತ್ತಿತ್ತು. ಬ್ರೆಡ್ ಎತ್ತರವೂ ಬಂತು. ಆದರೂ ಮಾರನೇ ದಿನ ಒಣಗಿತು. ಅತ್ತೆ ಹಾಲಿಗೆ ಅದ್ದಿಕೊಂಡೇ ತಿಂದರು.

ಒಣಗುವುದಕ್ಕೆ ಮದ್ದು ಸಿಕ್ಕಿದ್ದು ನಾಲ್ಕನೇ ಸಲ. 400 ಗ್ರಾಂ ಹಿಟ್ಟಿನಲ್ಲೇ 25 ಗ್ರಾಂ ತೆಗೆದು, 125 ಗ್ರಾಂ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ತಿರುವುತ್ತಾ ಬೇಯಿಸಿದೆ. 65 ಡಿಗ್ರಿ ಹತ್ತಿರ ಬಂದಾಗ ಒಮ್ಮೆಗೇ ಗಟ್ಟಿಯಾಗುತ್ತದೆ, ಚಮಚ ಎಳೆದರೆ ಪಾತ್ರೆಯ ತಳದಲ್ಲಿ ಗೆರೆ ಉಳಿಯಬೇಕು. ಹೀಗೆ ಬೆಂದ ಪಿಷ್ಟ ಹಸಿ ಹಿಟ್ಟಿಗಿಂತ ಎಷ್ಟೋ ಹೆಚ್ಚು ನೀರು ಹಿಡಿದಿಟ್ಟುಕೊಳ್ಳುತ್ತದೆ, ಓವನ್ನಿನ ಶಾಖದಲ್ಲೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಈ ಗಂಜಿಯನ್ನು ಪೂರ್ತಿ ಆರಿಸಿ, ಉಳಿದ ಹಿಟ್ಟಿಗೆ 185 ಗ್ರಾಂ ನೀರಿನ ಜೊತೆ ಕಲಸಿದೆ. ಬಿಸಿ ಗಂಜಿ ಹಾಕಿದರೆ ಯೀಸ್ಟ್ ಸಾಯುತ್ತದೆ, ಅವಸರ ಮಾಡಬಾರದು.

190 ಡಿಗ್ರಿಯಲ್ಲಿ 35 ನಿಮಿಷ. ತೆಗೆದ ಮೇಲೆ ನಡುವಿಗೆ ಥರ್ಮಾಮೀಟರ್ ಚುಚ್ಚಿದರೆ 94 ತೋರಿಸಿತು. ಒದ್ದೆ ಬಟ್ಟೆ ಮುಚ್ಚಿ ಆರಿಸಿದ್ದರಿಂದ ಮೇಲಿನ ಅಂಚೂ ಮೆತ್ತಗಾಯಿತು. ಒಂದೂವರೆ ಗಂಟೆ ಬಿಟ್ಟು ಕೊಯ್ದೆ. ಅತ್ತೆ ಒಂದು ತುಂಡು ಎತ್ತಿ ಹೆಬ್ಬೆರಳಿನಿಂದ ಒತ್ತಿದರು, ಕುಳಿ ಮೆಲ್ಲಗೆ ಮೇಲೆದ್ದು ಬಂತು. ಅಂಚಿನಿಂದಲೇ ಕಚ್ಚಿ, ‘ಇದಕ್ಕೆ ಹಾಲು ಬೇಡ ಕಣೇ’ ಅಂದರು. ನನಗೆ ಬೇಕಿದ್ದಿದ್ದು ಆ ಮಾತೇ. ಎರಡನೇ ದಿನವೂ ಮೆತ್ತಗೇ ಇತ್ತು. ಮಿಕ್ಕಿದ್ದನ್ನು ಕೊಯ್ದು ಫ್ರೀಜರಿನಲ್ಲಿಟ್ಟೆ, ಬರೀ ಫ್ರಿಜ್ಜಿನಲ್ಲಿಟ್ಟರೆ ಹೊರಗಿಟ್ಟಿದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ.

ಕೇಕಿನದು ಇನ್ನೂ ಪೂರ್ತಿಯಾಗಿಲ್ಲ. ಎರಡು ಮೊಟ್ಟೆಯ ಬದಲು 120 ಗ್ರಾಂ ಮೊಸರು ಹಾಕುತ್ತಿದ್ದೇನೆ. ಮೊದಲ ಸಲ ಒಂದು ಚಮಚ ಸೋಡಾ ಹಾಕಿ, ಸೋಪಿನ ವಾಸನೆ ಹೊಡೆದು, ಬಣ್ಣವೂ ಕಪ್ಪಗಾಯಿತು. ಅಷ್ಟು ಮೊಸರಿನ ಹುಳಿಗೆ ಕಾಲು ಚಮಚ ಸಾಕು, ಉಳಿದ ಉಬ್ಬಿಗೆ ಬೇಕಿಂಗ್ ಪೌಡರ್. ಮೊಸರಿಗೆ ಸೋಡಾ ಬಿದ್ದ ತಕ್ಷಣ ಗುಳ್ಳೆ ಏಳಲು ಶುರು, ಹಾಗಾಗಿ ಟಿನ್ನಿಗೆ ಎಣ್ಣೆ ಸವರಿ, ಓವನ್ ಕಾಯಿಸಿ ಇಟ್ಟುಕೊಂಡೇ ಕಲಸಬೇಕು. ಸಕ್ಕರೆ 180 ಗ್ರಾಂನಿಂದ 140ಕ್ಕೆ ಇಳಿಸಿದಾಗ ರುಚಿ ಸರಿಯಿತ್ತು, ಆದರೆ ಕೇಕ್ ಪೇಲವವಾಗಿ ಬೇಗ ಒಣಗಿತು. ಸಕ್ಕರೆ ಬರೀ ಸಿಹಿಗಲ್ಲ, ತೇವ ಹಿಡಿಯುವುದೂ ಅದೇ. ಈಗ 150ರಲ್ಲಿ ನಿಲ್ಲಿಸಿದ್ದೇನೆ.

ನಡು ಹಸಿಯಾಗಿ ಉಳಿಯುತ್ತಿದ್ದುದಕ್ಕೆ ಕಾರಣ ರೆಸಿಪಿಯೇ ಅಲ್ಲ. ಓವನ್ನಿನೊಳಗೆ ಇಡುವ ಥರ್ಮಾಮೀಟರ್ ತಂದು ನೋಡಿದರೆ, ಗುಂಡಿ 180ಕ್ಕೆ ತಿರುಗಿಸಿದಾಗ ಒಳಗೆ 160. ಅಲ್ಲಿಯವರೆಗೆ ಹಾಳಾಯಿತು ಅಂತ ಬಿಟ್ಟಿದ್ದ ಎರಡು ರೆಸಿಪಿಗಳನ್ನು ಮತ್ತೆ ಮಾಡಿ ನೋಡಬೇಕು.

ಮುಂದಿನ ವಾರ ಇದೇ ಬ್ರೆಡ್ ಹಿಟ್ಟನ್ನು 60 ಗ್ರಾಂ ಉಂಡೆ ಮಾಡಿ, ಮಗಳ ಡಬ್ಬಿಗೆ ಬನ್ ಸುಡುತ್ತೇನೆ. ಸಣ್ಣದಾದ್ದರಿಂದ 16 ನಿಮಿಷಕ್ಕೇ ಒಮ್ಮೆ ಚುಚ್ಚಿ ನೋಡಬೇಕು.