ಸೌತ್ ಕೆನ್ಸಿಂಗ್ಟನ್‌ಗೆ ಶುಕ್ರವಾರವೇ ಹೋಗಿ

ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ನ್ಯಾಚುರಲ್ ಹಿಸ್ಟರಿ, ಸೈನ್ಸ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂಬ ಮೂರು ಭಾರೀ ಮ್ಯೂಸಿಯಂಗಳು ಅಕ್ಕಪಕ್ಕದಲ್ಲೇ ಇವೆ. 1851ರಲ್ಲಿ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದ ಲಾಭದಲ್ಲಿ ಕೊಂಡ ಜಮೀನಿದು. ಎಕ್ಸಿಬಿಷನ್ ರೋಡ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಮೂರಕ್ಕೂ ಪ್ರವೇಶ ಉಚಿತ. ಎಡವಟ್ಟಾಗುವುದು ಅಲ್ಲೇ: ಹೇಗೂ ಪುಕ್ಕಟೆ ಎಂದು ಮೂರನ್ನೂ ಒಂದೇ ದಿನಕ್ಕೆ ತುರುಕಿದವರು ಮಧ್ಯಾಹ್ನದ ಹೊತ್ತಿಗೆ ಸಿಕ್ಕ ಬೆಂಚಿನ ಮೇಲೆ ಕುಸಿಯುತ್ತಾರೆ. ಒಂದೇ ದಿನ ಇರುವುದಾದರೆ ಎರಡನ್ನು ಆರಿಸಿಕೊಳ್ಳಿ, ಶುಕ್ರವಾರ ಹೋಗಿ. ಅಂದು ಕಲೆ, ವಿನ್ಯಾಸಗಳ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ರಾತ್ರಿ 10ರವರೆಗೆ ತೆರೆದಿರುತ್ತದೆ.

ಹೀಥ್ರೂ ವಿಮಾನ ನಿಲ್ದಾಣದ ಕಡೆಯಿಂದ ಟ್ಯೂಬ್‌ನ, ಅಂದರೆ ಲಂಡನ್ನಿನ ಮೆಟ್ರೋ ರೈಲಿನ, ಪಿಕಡಿಲಿ ಲೈನ್ ನೇರ ಇಲ್ಲಿಗೇ ಬರುತ್ತದೆ. ಟಿಕೆಟ್ ಹಣಕ್ಕೆಂದು ಗೇಟಿನ ಯಂತ್ರಕ್ಕೆ ಒಳಗೆ ಹೋಗುವಾಗ ಫೋನ್ ತೋರಿಸಿ ಹೊರಬರುವಾಗ ಬ್ಯಾಂಕ್ ಕಾರ್ಡ್ ತೋರಿಸಬೇಡಿ. ಬ್ಯಾಂಕ್ ಖಾತೆ ಒಂದೇ ಆದರೂ ಯಂತ್ರಕ್ಕೆ ಅವು ಇಬ್ಬರು ಪ್ರಯಾಣಿಕರು, ಎರಡು ಅಪೂರ್ಣ ಪ್ರಯಾಣಗಳ ದಂಡ ಬೀಳುತ್ತದೆ. ದೊಡ್ಡವರಿಗೆ ತಲೆಗೊಂದು ಕಾರ್ಡ್ ಬೇಕು. 11 ತುಂಬದ ಮಕ್ಕಳು ದೊಡ್ಡವರ ಜೊತೆಗಿದ್ದರೆ ಉಚಿತ. ನಿಲ್ದಾಣದಿಂದ ಮ್ಯೂಸಿಯಂಗಳ ಕಡೆಗೆ 1885ರ ಪಾದಚಾರಿ ಸುರಂಗವಿದೆ, ಮಳೆ ಬಂದರೆ ಅದೇ ದಾರಿ. ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ. ಬಾಗಿಲಲ್ಲಿ ಚೀಲ ತಪಾಸಣೆ ಇರುತ್ತದೆ.

ಬೆಳಿಗ್ಗೆ 10ಕ್ಕೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಉಚಿತ ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ಕಾದಿರಿಸಿ. ಇಂಗ್ಲೆಂಡಿನ ಶಾಲೆಗಳಿಗೆ ರಜೆ ಇರುವ ವಾರಗಳಲ್ಲಿ, ಅಂದರೆ ಫೆಬ್ರವರಿಯ ನಡುವೆ, ಮೇ ಮತ್ತು ಅಕ್ಟೋಬರ್ ಕೊನೆಗೆ, ಸಾಲು ಬೀದಿಯವರೆಗೂ ಬೆಳೆಯುತ್ತದೆ. ಎಲ್ಲರೂ ಕ್ರಾಮ್‌ವೆಲ್ ರೋಡಿನ ಮುಂಬಾಗಿಲಿಗೇ ನುಗ್ಗುತ್ತಾರೆ. ಎಕ್ಸಿಬಿಷನ್ ರೋಡಿನ ಬಾಗಿಲಲ್ಲಿ ಜನ ಕಡಿಮೆ, ಆದರೆ ಅಲ್ಲಿಂದ ತಿಮಿಂಗಿಲದ ಹಜಾರಕ್ಕೆ ಒಳಗೊಳಗೇ ಸಾಕಷ್ಟು ನಡೆಯಬೇಕು.

ಒಳಹೋಗುವ ಮೊದಲು ಕಟ್ಟಡವನ್ನೇ ನೋಡಿ. 1881ರಲ್ಲಿ ತೆರೆದ ಈ ಸುಟ್ಟಮಣ್ಣಿನ ಅರಮನೆಯ ವಾಸ್ತುಶಿಲ್ಪಿ ಆಲ್ಫ್ರೆಡ್ ವಾಟರ್‌ಹೌಸ್. ಮುಂಬಾಗಿಲಿಗೆ ಎದುರಾಗಿ ನಿಂತರೆ ಬಲಗಡೆಯ ಗೋಡೆಯಲ್ಲಿ ಅಳಿದುಹೋದ ಪ್ರಾಣಿಗಳು, ಎಡಗಡೆ ಇಂದಿಗೂ ಬದುಕಿರುವವು. ಹೀಗೆ ವಿಂಗಡಿಸಿದ್ದು ಮ್ಯೂಸಿಯಂನ ಹಿಂದಿದ್ದ ವಿಜ್ಞಾನಿ ರಿಚರ್ಡ್ ಓವೆನ್ ಆಶಯದಂತೆ. ಹಜಾರದಲ್ಲಿ ತೂಗುಹಾಕಿರುವ ನೀಲಿ ತಿಮಿಂಗಿಲದ ಅಸ್ಥಿಪಂಜರ 25.2 ಮೀಟರ್ ಉದ್ದ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ತೀರಕ್ಕೆ ಬಂದು ಸಿಕ್ಕಿಬಿದ್ದ ಪ್ರಾಣಿಯದು. ಕೆಳಗೆ ನಿಂತು ಕತ್ತು ನೋಯಿಸಿಕೊಳ್ಳುವ ಬದಲು ಮೆಟ್ಟಿಲೇರಿ ಡಾರ್ವಿನ್ ಪ್ರತಿಮೆಯ ಬಳಿ ಹೋಗಿ. ಬೆನ್ನುಮೂಳೆಯ ಸಾಲು ಪೂರ್ತಿ ಕಾಣುವುದು ಅಲ್ಲಿಂದ.

ಸೈನ್ಸ್ ಮ್ಯೂಸಿಯಂ ಪಕ್ಕದಲ್ಲೇ ಇದೆ. ಹೊತ್ತಿದ್ದರೆ ನೆಲಮಹಡಿಯಷ್ಟೇ ಸಾಕು: ಉಗಿ ಎಂಜಿನ್‌ಗಳು, ಆಮೇಲೆ 1969ರ ಮೇನಲ್ಲಿ ಚಂದ್ರನನ್ನು ಸುತ್ತಿ ಬಂದ ಅಪೊಲೊ 10ರ ನೌಕೆ. ಮೂವರು ಗಗನಯಾತ್ರಿಗಳು ಅದರೊಳಗೆ ಹೇಗೆ ಹಿಡಿಸಿದರೋ!

ರಸ್ತೆ ದಾಟುವಾಗ ಹುಷಾರು, ಎಕ್ಸಿಬಿಷನ್ ರೋಡಿನಲ್ಲಿ ಕಾಲುದಾರಿಗೂ ವಾಹನದ ದಾರಿಗೂ ನಡುವೆ ಎತ್ತರದ ಅಂಚಿಲ್ಲ. ಆಚೆ ಬದಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಗೋಡೆಯಲ್ಲಿರುವ ಗುಳಿಗಳು ಎರಡನೇ ಮಹಾಯುದ್ಧದ ಬಾಂಬಿನವು, ಬೇಕೆಂದೇ ಮುಚ್ಚದೆ ಬಿಟ್ಟದ್ದು.

ಮೂರರಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ. ಕನ್ನಡಿಗರು ಹುಡುಕಿಕೊಂಡು ಹೋಗುವುದು ಟಿಪ್ಪುವಿನ ಹುಲಿಯನ್ನು: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಸೈನ್ಯದ ಕೈಸೇರಿದ ಮರದ ಯಂತ್ರ. ಕೆಳಗೆ ಬಿದ್ದ ಯೂರೋಪಿಯನ್ ಸೈನಿಕನ ಕುತ್ತಿಗೆಗೆ ಹುಲಿ ಬಾಯಿ ಹಾಕಿದೆ. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ ಗರ್ಜನೆಯನ್ನೂ ನರಳಾಟವನ್ನೂ ಹೊರಡಿಸುತ್ತವೆ, ಸೈನಿಕನ ಕೈ ಮೇಲೇಳುತ್ತದೆ; ಹುಲಿಯ ಪಕ್ಕೆಯೊಳಗೆ ಆರ್ಗನ್ ವಾದ್ಯವೂ ಇದೆ. ಈಗ ಗಾಜಿನಾಚೆಯಿಂದ ನೋಡುವುದಷ್ಟೇ. ಇಲ್ಲಿನ ಗ್ಯಾಲರಿಗಳು ಆಗಾಗ ನವೀಕರಣಕ್ಕೆ ಮುಚ್ಚುತ್ತವೆ, ಅದು ಪ್ರದರ್ಶನದಲ್ಲಿದೆಯೇ ಎಂದು ಮ್ಯೂಸಿಯಂನ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಪ್ಲಾಸ್ಟರ್ ಅಚ್ಚುಗಳ ಹಜಾರ ತಪ್ಪಿಸಬೇಡಿ. ರೋಮ್‌ನ ಟ್ರೇಜನ್ ಸ್ತಂಭ ಸೂರು ಮೀರುವಷ್ಟು ಎತ್ತರವಾದ್ದರಿಂದ ಅದರ ಅಚ್ಚನ್ನು ಎರಡು ತುಂಡಾಗಿ ನಿಲ್ಲಿಸಿದ್ದಾರೆ. ಮೈಕೆಲ್‌ಏಂಜೆಲೊನ ಡೇವಿಡ್‌ನ ಅಚ್ಚಿನ ಹಿಂಬದಿಗೆ ಹೋಗಿ ನೋಡಿ: ರಾಜಮನೆತನದ ಹೆಂಗಸರು ಬಂದಾಗ ಮಾನ ಮುಚ್ಚಲೆಂದು ಕೊಕ್ಕೆಗೆ ಸಿಕ್ಕಿಸುತ್ತಿದ್ದ ಪ್ಲಾಸ್ಟರ್ ಅಂಜೂರದ ಎಲೆ ಅಲ್ಲಿದೆ.

ಶುಕ್ರವಾರ ಸಂಜೆ 5:45ರ ನಂತರ ಎಲ್ಲ ಗ್ಯಾಲರಿಗಳೂ ತೆರೆದಿರುವುದಿಲ್ಲ. ನೋಡಲೇಬೇಕಾದ್ದನ್ನು ಅದಕ್ಕೆ ಮೊದಲೇ ಮುಗಿಸಿಕೊಂಡು, ಒಳಗಿನ ಕೆಫೆಯನ್ನು ಆಮೇಲಕ್ಕೆ ಇಟ್ಟುಕೊಳ್ಳಿ.