ಸ್ಪ್ರಿಂಗ್ ಮುರಿದ ಶಟರ್
ಮೈಸೂರು, 14 ಅಕ್ಟೋಬರ್ 2024, ಸೋಮವಾರ

ಸಂತೇಪೇಟೆಯ ಅಂಗಡಿಯೊಂದರ ರೋಲಿಂಗ್ ಶಟರ್. 8 ಅಡಿ ಅಗಲ, 8 ಅಡಿ ಎತ್ತರ, 18 ಗೇಜಿನ (1.2 ಮಿ.ಮೀ. ದಪ್ಪದ) ಪಟ್ಟಿ, ಮೇಲಿನ ಪೈಪಿಗೆ ಮೂರು ಸ್ಪ್ರಿಂಗ್ ಚಕ್ರ, ಅಂದರೆ ಒಳಗೆ ಪಟ್ಟಿ ಸ್ಪ್ರಿಂಗ್ ಸುತ್ತಿಟ್ಟ ಚಕ್ರ. ದಸರಾ ರಜೆ ಮುಗಿಸಿ ಬೆಳಿಗ್ಗೆ ಎತ್ತುವಾಗ ಒಳಗೆ 'ಠಣ್' ಅಂದಿದೆ; ಬಲಮೂಲೆ ಒಂದು ಗೇಣು ಎದ್ದು ಅಲ್ಲೇ ಕಚ್ಚಿಕೊಂಡಿದೆ.

ಓರೆಯಾಗಿ ನಿಂತ ಶಟರನ್ನು ಜಗ್ಗಬಾರದು. ಪಟ್ಟಿಯ ತುದಿಗಳು ಗೈಡ್ ಚಾನಲ್ (ಎರಡೂ ಪಕ್ಕದ ಹಳಿ) ಬಿಟ್ಟು ಹೊರಬಂದರೆ ಇಡೀ ಶಟರ್ ಮೈಮೇಲೆ ಬರುತ್ತದೆ. 1.2 ಮಿ.ಮೀ. ತಗಡು ಚದರ ಮೀಟರಿಗೆ ಸುಮಾರು ಒಂಬತ್ತೂವರೆ ಕೆ.ಜಿ. ಇಲ್ಲಿರುವುದು 6 ಚದರ ಮೀಟರ್. ಪಟ್ಟಿಯ ಮಡಿಕೆ, ಬಾಟಮ್ ಪ್ಲೇಟ್ ಸೇರಿದರೆ 70 ಕೆ.ಜಿ. ದಾಟುತ್ತದೆ. ಆ ಭಾರವನ್ನು ಇಷ್ಟು ದಿನ ಹೊತ್ತಿದ್ದು ಸ್ಪ್ರಿಂಗ್, ನಮ್ಮ ಕೈಯಲ್ಲ.

ಮೊದಲು ಎದ್ದ ಮೂಲೆಯನ್ನು ತಗ್ಗಿಸಿ ಮಟ್ಟ ಮಾಡಬೇಕು. ಆಮೇಲೆ ಎರಡೂ ತುದಿಗೆ ಇಬ್ಬಿಬ್ಬರು ನಿಂತು ಒಟ್ಟಿಗೆ ಎತ್ತುವುದು, ಅಡಿಗೊಮ್ಮೆ ಎರಡೂ ಕಡೆ ಮರದ ಆಸರೆ ಕೊಡುವುದು. ಪೂರ್ತಿ ಮೇಲೆತ್ತಿಯೇ ಬಿಚ್ಚಬೇಕು, ಏಕೆಂದರೆ ಶಟರ್ ಕೆಳಗಿದ್ದಾಗ ಉಳಿದ ಸ್ಪ್ರಿಂಗ್‌ಗಳು ಪೂರಾ ಬಿಗಿದಿರುತ್ತವೆ. ಮೇಲೆ ಸುತ್ತಿಕೊಂಡಾಗ ಬಿಗಿ ಕಡಿಮೆ, ಆದರೆ ಸೊನ್ನೆಯಲ್ಲ. ಅಪಘಾತವಾಗುವುದು ಈ ಉಳಿದ ಬಿಗಿಯಿಂದಲೇ.

ಸುರುಳಿಗೆ ಮೂರು ಕಡೆ ಹಗ್ಗ ಬಿಗಿದು, ಏಣಿಗೆ ಬದಲು ಎರಡು ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿ ನಿಂತದ್ದಾಯಿತು. ಸುತ್ತು ಎಣಿಸಲು ಪೈಪಿನ ಮೇಲೂ ಬ್ರಾಕೆಟ್ ಮೇಲೂ ಸೇರಿಸಿ ಒಂದು ಸೀಮೆಸುಣ್ಣದ ಗೀಟು. 24 ಇಂಚಿನ ಎರಡು ಪೈಪ್ ರೆಂಚ್ ಬೇಕೇ ಬೇಕು. ಒಂದರಲ್ಲಿ ಪೈಪ್ ಹಿಡಿದ ಮೇಲೆಯೇ ಪೈಪನ್ನು ಬ್ರಾಕೆಟ್ಟಿಗೆ ಬಿಗಿದಿಡುವ ಯು-ಕ್ಲ್ಯಾಂಪಿನ ನಟ್ಟುಗಳನ್ನು ಪೈಪ್ ತಿರುಗುವಷ್ಟು ಮಾತ್ರ ಸಡಿಲಿಸುವುದು, ತೆಗೆಯುವುದಲ್ಲ. ಕಾಲು ಕಾಲು ಸುತ್ತಾಗಿ ಕೈ ಬದಲಿಸುತ್ತಾ ಬಿಡಬೇಕು. ರೆಂಚಿನ ಹಿಡಿ ಬೀಸುವ ದಾರಿಯಲ್ಲಿ ಮುಖ, ಮೊಣಕೈ ಇರಕೂಡದು. ಬಿಗಿ ಬಿಟ್ಟದ್ದು ಎರಡು ಸುತ್ತು. ಗೋಡೆಯ ಮೇಲೆ ಬರೆದುಕೊಂಡದ್ದಾಯಿತು. (ಅಮೆರಿಕದ ಗ್ಯಾರೇಜ್ ಬಾಗಿಲಿನ ವಿಡಿಯೊ ನೋಡಿ ಸ್ಪ್ರಿಂಗ್ ತಿರುಗಿಸಲು ಸರಳು ತೂರಿಸಲು ಹೋಗುವವರಿದ್ದಾರೆ. ಅದು ಬೇರೆಯೇ ಜಾತಿಯ ಸ್ಪ್ರಿಂಗ್. ಆ ವಿಧಾನ ಇಲ್ಲಿ ನಡೆಯದು.)

ಪೈಪು, ಸುರುಳಿ ಎರಡನ್ನೂ ಒಟ್ಟಿಗೆ ಚೈನ್ ಬ್ಲಾಕಿನಲ್ಲಿ ಇಳಿಸಿ, ಮೊದಲ ಪಟ್ಟಿಯ ಬೋಲ್ಟು ಬಿಚ್ಚಿ, ಚಕ್ರಗಳನ್ನು ಹೊರಗೆಳೆದೆವು. ಮುರಿದದ್ದು ಎಡತುದಿಯ ಚಕ್ರದ ಸ್ಪ್ರಿಂಗ್, ಒಳತುದಿಯ ಕೊಕ್ಕೆ ಬಾಗುವ ಜಾಗದಲ್ಲೇ. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ ಅರ್ಧ ಕಂದು, ಅರ್ಧ ಹೊಳಪು. ಕಂದು ಭಾಗ ಯಾವತ್ತೋ ಬಿರುಕು ಬಿಟ್ಟು ತುಕ್ಕು ಹಿಡಿದದ್ದು, ಹೊಳೆಯುವುದು ಇವತ್ತು ಮುರಿದದ್ದು. ಸುರುಳಿಯನ್ನು ಮುಚ್ಚುವ ಹುಡ್ ಕವರಿನ ಸಂದಿಯಿಂದ ಮಳೆನೀರು ಇಳಿದ ಗುರುತು ಸರಿಯಾಗಿ ಅದರ ಮೇಲೆಯೇ ಇತ್ತು.

ಚಕ್ರದೊಳಗಿನ ಸ್ಪ್ರಿಂಗನ್ನು ಯಾವ ಕಾರಣಕ್ಕೂ ಕಿತ್ತು ತೆಗೆಯಬಾರದು. ಬಿಚ್ಚಿಕೊಂಡರೆ ಬೆರಳು ಉಳಿಯುವುದಿಲ್ಲ. ಚಕ್ರ ಸಮೇತ ಹೊಸದು ತರುವುದೇ ಸರಿ, ಅದೂ ಮೂರನ್ನೂ. ಒಂದೇ ಬದಲಿಸಿದರೆ ಹೊಸದು ಹೆಚ್ಚು ಎಳೆದು ಶಟರ್ ಮತ್ತೆ ಓರೆಯಾಗುತ್ತದೆ, ಹಳೆಯ ಎರಡಕ್ಕೂ ವಯಸ್ಸಾಗಿದೆ. ಅಂಗಡಿಗೆ ಹೋಗುವಾಗ ಪೈಪಿನ ಹೊರವ್ಯಾಸ, ಚಕ್ರದ ವ್ಯಾಸ, ಸ್ಪ್ರಿಂಗ್ ಪಟ್ಟಿಯ ಅಗಲ ಮತ್ತು ದಪ್ಪ, ಸುತ್ತಿನ ದಿಕ್ಕು ಇಷ್ಟನ್ನೂ ಬರೆದುಕೊಳ್ಳಬೇಕು. ಹಳೆಯ ಚಕ್ರವನ್ನೇ ಒಯ್ದರೆ ಇನ್ನೂ ಒಳ್ಳೆಯದು. ಮೂರರಲ್ಲಿ ಒಂದನ್ನು ತಿರುವುಮುರುವಾಗಿ ತೂರಿಸುವುದು ಆಗಾಗ ಆಗುವ ತಪ್ಪು. ಆಮೇಲೆ ಎಷ್ಟು ಬಿಗಿದರೂ ಶಟರ್ ಹಗುರಾಗದು.

ಹೊಸ ಚಕ್ರಗಳಿಗೆ ಗ್ರೀಸ್ ತುಂಬಿ, ಪೈಪ್ ಏರಿಸಿ, ಬರೆದಿಟ್ಟ ಎರಡು ಸುತ್ತು ಕೊಟ್ಟು, ಕ್ಲ್ಯಾಂಪ್ ಬಿಗಿದ ಮೇಲೆಯೇ ಹಗ್ಗ ಬಿಚ್ಚಿದ್ದು. ಶಟರನ್ನು ಎದೆಮಟ್ಟಕ್ಕೆ ಇಳಿಸಿ ಕೈಬಿಟ್ಟರೆ ಅಲ್ಲೇ ನಿಲ್ಲಬೇಕು. ನಿಧಾನವಾಗಿ ಜಾರಿತು. ಮತ್ತೆ ಮೇಲೆತ್ತಿ, ಆಸರೆ ಕೊಟ್ಟು, ಕಾಲು ಸುತ್ತು ಹೆಚ್ಚು ಕೊಟ್ಟ ಮೇಲೆ ನಿಂತಿತು. ಹುಡ್ ಕವರಿನ ಸಂದಿಗೆ ಸೀಲಂಟ್ ಹಚ್ಚಿದೆ; ಒಣಗುವವರೆಗೆ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ.