ಕೊಟ್ಟು ಬೀಗೋದು ಯಾಕೆ?

ಇಲ್ಲದವರಿಗೆ ಸಹಾಯ ಮಾಡಲೇಬೇಕಾ, ಇಲ್ಲಾ ಮನಸ್ಸು ಬಂದಾಗ ಮಾಡಿದರೆ ಸಾಕಾ? ಹುಬ್ಬಳ್ಳಿಯ ನಮ್ಮ ಗೆಳೆಯರ ಗುಂಪಿನಲ್ಲಿ ಚಹಾ ಮುಗಿಯುವಷ್ಟರಲ್ಲಿ ಈ ಮಾತು ಜಗಳಕ್ಕೆ ತಿರುಗುತ್ತದೆ. ಒಬ್ಬನಂತೂ ಪ್ರತಿ ಸಲ ಅದನ್ನೇ ಹೇಳುತ್ತಾನೆ: "ನಾ ದುಡಿದ ರೊಕ್ಕ ನಂದು. ಕೊಟ್ಟರ ಪುಣ್ಯ, ಕೊಡಲಿಲ್ಲಂದ್ರ ಪಾಪ ಏನಿಲ್ಲಪಾ."

ನನಗಿದು ಸರಿ ಅನ್ನಿಸುವುದಿಲ್ಲ. ನಾವಿಬ್ಬರೂ ಸರ್ಕಾರಿ ಶಾಲೆಯಲ್ಲಿ ಓದಿದವರು, ಆಮೇಲೆ ಸರ್ಕಾರಿ ಹಾಸ್ಟೆಲ್‌ನಲ್ಲಿ ಉಂಡವರು. ಆ ಮಾಸ್ತರರ ಪಗಾರ, ಆ ಊಟ ಯಾರ ರೊಕ್ಕದ್ದು? ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲ ಒಂದು ಸೋಪು ಕೊಂಡರೂ ತೆರಿಗೆ ಕಟ್ಟುತ್ತಾನೆ. ಅವನ ಮಗ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿರಬಹುದು, ಆದರೆ ನಮ್ಮ ಡಿಗ್ರಿಯಲ್ಲಿ ಅವನಪ್ಪನ ಪಾಲಿದೆ. ಅದನ್ನು ತಿರುಗಿ ಕೊಟ್ಟರೆ ದಾನ ಹೇಗಾಗುತ್ತದೆ? ಅದು ಬಾಕಿ ಅಲ್ವಾ?

ಬಾಕಿ ಅಂತ ಒಪ್ಪಿಕೊಂಡರೆ ಮೊದಲು ಮನೆ ಬಾಗಿಲಿನ ಬಾಕಿ ನೋಡಬೇಕು. ಶ್ರಾವಣದಲ್ಲಿ ಗುಡಿ ಮುಂದೆ ಅನ್ನಸಂತರ್ಪಣೆ ಮಾಡಿಸಿ, ಸೌಟು ಹಿಡಿದು ಫೋಟೊ ಹಾಕುವ ಮಂದಿಯೇ, ಭಾಂಡೆ ತಿಕ್ಕುವಾಕೆ ಜ್ವರ ಬಂದು ಎರಡು ದಿನ ಬರದಿದ್ದರೆ ಪಗಾರದಲ್ಲಿ ಮುರಿದುಕೊಳ್ಳುತ್ತಾರೆ. ಇಂಥವರ ಪುಣ್ಯದ ಲೆಕ್ಕ ನನಗೆ ತಿಳಿಯೋದಿಲ್ಲ.

ಇನ್ನೊಂದು ಮಾತು ಬರುತ್ತದೆ: ಸರ್ಕಾರ ಎಲ್ಲ ಪುಕ್ಕಟೆ ಕೊಟ್ಟು ಮಂದಿಯನ್ನು ಸೋಮಾರಿ ಮಾಡಿದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕಣ್ಣು ಕುಕ್ಕುತ್ತದೆ. ಹಳೆ ತೆರಿಗೆ ಪದ್ಧತಿಯಲ್ಲಿ ಮನೆ ಸಾಲದ ಬಡ್ಡಿ ಅಂತ ವರ್ಷಕ್ಕೆ 2 ಲಕ್ಷದವರೆಗೆ ಆದಾಯದಲ್ಲಿ ಕಳೆದು ತೋರಿಸುವಾಗ ಯಾರಿಗೂ ಅದು ಪುಕ್ಕಟೆ ಅನ್ನಿಸಲ್ಲ.

ಹಾಗಂತ ಕೊಟ್ಟದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ತಗೊಳ್ಳುವವರು ಕೈಕಟ್ಟಿ ನಿಲ್ಲಬೇಕಾದರೆ ಏನೋ ತಪ್ಪಿದೆ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಸಾಲ ಬೇಕಾದರೆ ಸಾಹುಕಾರನ ಕಟ್ಟೆಗೆ ಹೋಗುವ ಬದಲು ತಮ್ಮದೇ ಸಂಘಕ್ಕೆ ಹೋಗಬಹುದಿತ್ತು. ಗದಗದ ವೀರೇಶ್ವರ ಪುಣ್ಯಾಶ್ರಮದ್ದೂ ಹೀಗೇ. ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜರಿಗೆ ಕೂಸಿದ್ದಾಗಲೇ ಕಣ್ಣು ಹೋದವು. ತಾವೂ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಆ ಹುಡುಗನನ್ನು ಹತ್ತಿರ ಇಟ್ಟುಕೊಂಡು ಸಂಗೀತ ಕಲಿಸಿದರು. ಗುರುಗಳ ನಂತರ ಆಶ್ರಮದ ಭಾರ ಹೊತ್ತ ಪುಟ್ಟರಾಜ ಗವಾಯಿಗಳು, 2010ರಲ್ಲಿ ತೀರಿಕೊಳ್ಳುವವರೆಗೂ, ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ ಹಾಡು, ವಾದ್ಯ ಕಲಿಸುತ್ತಲೇ ಇದ್ದರು. ಖರ್ಚಿಗೆ ನಾಟಕ ಕಂಪನಿ ನಡೆಸಿದರು, ಜನ ಮಾಡಿಸಿದ ತುಲಾಭಾರದ ನಾಣ್ಯವೂ ಆಶ್ರಮಕ್ಕೇ. ಅಲ್ಲಿ ಕಲಿತವರು ಕಛೇರಿ ಕೊಡುತ್ತಾರೆ, ಸಂಗೀತ ಮಾಸ್ತರರಾಗಿದ್ದಾರೆ, ತಮ್ಮ ಮನೆ ತಾವೇ ನಡೆಸುತ್ತಾರೆ.

ಎಲ್ಲರ ಕಷ್ಟ ನಾವೇ ಹೊರೋಕಾಗಲ್ಲ, ಅದು ನಿಜ. ಎಷ್ಟು ಕೊಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಎಲ್ಲರಿಗೂ ಒಪ್ಪುವ ಲೆಕ್ಕವೂ ಇಲ್ಲ. ನಾನಂತೂ ಪಗಾರ ಬಂದ ದಿನವೇ, ಕರೆಂಟ್ ಬಿಲ್ ಕಟ್ಟಿದ ಹಾಗೆ, ಒಂದು ಪಾಲು ತೆಗೆದುಬಿಡುತ್ತೇನೆ. ಮನಸ್ಸು ಬರಲಿ ಅಂತ ಕಾಯುತ್ತಾ ಕೂತರೆ ತಿಂಗಳ ಕೊನೆಗೆ ಮನಸ್ಸೂ ಇರಲ್ಲ, ರೊಕ್ಕವೂ ಇರಲ್ಲ. ಸದ್ಯ ಅದು ನಮ್ಮ ಓಣಿಯ ಒಬ್ಬ ಹುಡುಗಿಯ ನರ್ಸಿಂಗ್ ಫೀಸಿಗೆ ಹೋಗುತ್ತಿದೆ. ಕಾಲೇಜಿಗೆ ನೇರ ಕಟ್ಟುತ್ತೇನೆ, ಅವಳು ನಮ್ಮ ಮನೆಗೆ ಬಂದು ಕೇಳಬೇಕಾಗಿಲ್ಲ.